ಕಲಿಸುವ ಅಕ್ಕನಿಗೆ ಕಲಿಸುವವರು ಯಾರು?

(ದಾವಣಗೆರೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಗಿರಣಿ ಕೆಲಸಗಾರರು ಮತ್ತು ಅಂಗಡಿಕಾರರು ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬ ಕೆಲಸಗಾರ ಮಿತ್ರರು ನಮ್ಮನ್ನು ತಡೆದರು. "ಕೂಲಿಯ ಮಾತು, ಬೋನಸ್ಸಿನ ಮಾತು ಬಿಟ್ಟು ಇದೇನು ಸ್ವಾಮಿ, ಸೊಪ್ಪು ಬೇಳೆಯ ಪುರಾಣ ಹಿಡಿದಿರಿ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವು ಅವರನ್ನು ತಿರುಗಿ ಕೇಳುತ್ತೇವೆ: ಹೋರಾಡಿ ಪಡೆದ ಕೂಲಿ ಕೊನೆಗೆ ಹೋಗಿ ಸೇರುವುದು ಎಲ್ಲಿಗೆ? ಅದರ ದೊಡ್ಡ ಪಾಲು ಒಲೆಯ ಮೇಲಿನ ಪಾತ್ರೆಗೆ. ಆ ಪಾತ್ರೆಯಿಂದ ಮಗುವಿನ ಮೈಗೆ ಎಷ್ಟು ಸೇರಿತು ಎಂದು ಕೇಳುವುದು ಕೂಲಿಯ ಮಾತೇ ಹೊರತು ಬೇರೆಯದಲ್ಲ.

ಲೆಕ್ಕವನ್ನು ಮೊದಲು ಹೇಳಿಬಿಡುತ್ತೇವೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಸುಮಾರು ಅರ್ಧ ಮಂದಿಗೆ ಅದೇ ಕಾಯಿಲೆ. ಇದು ಬರಗಾಲದ ಲೆಕ್ಕವಲ್ಲ. ಪಡಿತರದ ಅಕ್ಕಿ ಮನೆಗೆ ಬರುತ್ತಿದ್ದ ಕಾಲದ ಲೆಕ್ಕ. ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿಲ್ಲ.

ಏನು ತಿನ್ನಬೇಕು ಎಂಬ ಜ್ಞಾನ ಈ ದೇಶದಲ್ಲಿ ಇರಲಿಲ್ಲವೇ? ಇತ್ತು. 1918ರಲ್ಲೇ ಕೂನೂರಿನಲ್ಲಿ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ವಿಚಾರಣೆ ಆರಂಭಿಸಿದರು. ಪಾಲಿಶ್ ಮಾಡಿದ ಬಿಳಿ ಅಕ್ಕಿಗೂ ಆ ರೋಗಕ್ಕೂ ಇರುವ ನಂಟು ಅಂಥ ಸಂಶೋಧನೆಗಳಿಂದಲೇ ಜಗತ್ತಿಗೆ ತಿಳಿಯಿತು. ಅವರ ನಂತರ ಬಂದ ಐಕ್ರಾಯ್ಡ್ ಅವರು 1937ರಲ್ಲಿ ನಮ್ಮ ನಾಡಿನ ಕಾಳು, ಸೊಪ್ಪು, ಮೀನು, ಹಣ್ಣುಗಳಲ್ಲಿ ಏನೇನು ಸತ್ವವಿದೆ ಎಂಬ ಪಟ್ಟಿಯನ್ನೇ ಹೊರತಂದರು. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಹೋಯಿತು. ಇಂದು ಅದು ರಾಷ್ಟ್ರೀಯ ಪೋಷಣಾ ಸಂಸ್ಥೆ. ಇತ್ತ 1950ರಲ್ಲಿ ಮೈಸೂರಿನಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಎದ್ದಿತು. ಅಲ್ಲಿಯವರು ಶೇಂಗಾ ಹಿಂಡಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ, ಜೀವಸತ್ವ ಸೇರಿಸಿ, ಅಗ್ಗದ ಪುಷ್ಟಿಯ ಆಹಾರ ಮಾಡಿ ತೋರಿಸಿದರು. ಎಲ್ಲವೂ ಸರಿ. ಆದರೆ ಕೂನೂರಿನಿಂದ, ಮೈಸೂರಿನಿಂದ ನಮ್ಮ ಕೇರಿಯ ಒಲೆಯವರೆಗೆ ಆ ಜ್ಞಾನವನ್ನು ಹೊತ್ತು ತರುವವರು ಬೇಕಲ್ಲ?

ಹೊತ್ತು ತಂದವರು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು; ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ತಿರುಮಕೂಡಲು ನರಸೀಪುರಕ್ಕೆ. ಆಹಾರ ಕೊಡುವುದು, ಚಿಕ್ಕ ಮಕ್ಕಳಿಗೆ ಪಾಠ, ಚುಚ್ಚುಮದ್ದಿಗೆ ಕರೆತರುವುದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು ಇವೆಲ್ಲದರ ಜೊತೆಗೆ ತಾಯಂದಿರಿಗೆ ಪೋಷಣೆಯ ಶಿಕ್ಷಣ ಕೊಡುವುದೂ ಅಂಗನವಾಡಿ ಅಕ್ಕನ ಕೆಲಸ. ಆರು ಕೆಲಸಗಳಲ್ಲಿ ಇದೊಂದಕ್ಕೆ ಮಾತ್ರ ಮೂಟೆಯಿಲ್ಲ, ತಕ್ಕಡಿಯಿಲ್ಲ. ಆದ್ದರಿಂದಲೇ ಎಲ್ಲರಿಗಿಂತ ಮೊದಲು ಮರೆತುಹೋಗುವುದೂ ಇದೇ.

ಈಗ ಆ ಅಕ್ಕನಿಗೆ ಕಲಿಸುವ ರೀತಿ ನೋಡಿ. ದೆಹಲಿಯಲ್ಲಿ ಕೆಲವರಿಗೆ ಕಲಿಸುತ್ತಾರೆ. ಅವರು ರಾಜ್ಯದವರಿಗೆ, ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ಮೇಲ್ವಿಚಾರಕಿಯರಿಗೆ, ಮೇಲ್ವಿಚಾರಕಿಯರು ಕಾರ್ಯಕರ್ತೆಯರಿಗೆ. ಕಾಲುವೆಯ ನೀರು ಬಿಟ್ಟಂತೆ. ಕೊನೆಯ ಗದ್ದೆಗೆ ಎಷ್ಟು ನೀರು ಮುಟ್ಟುತ್ತದೆ ಎಂದು ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ರೈತರನ್ನು ಕೇಳಿದರೆ ಸಾಕು, ನಾವು ವಿವರಿಸಬೇಕಾಗಿಲ್ಲ. 2023ರಲ್ಲಿ 'ಪೋಷಣೆಯೂ ಓದೂ' ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಒಂದು ತರಬೇತಿ ಹೊರಟಿತು. ಕಾರ್ಯಕರ್ತೆಯ ಪಾಲಿಗೆ ಬಂದದ್ದು ಮೂರು ದಿನ. ಮೂರು ದಿನದಲ್ಲಿ ಮಗ್ಗದ ಮುಂದೆ ನಿಲ್ಲುವುದನ್ನೂ ಕಲಿಯಲಾಗುವುದಿಲ್ಲವೆಂದು ಗಿರಣಿಯವರು ಬಲ್ಲರು.

ಅಂಥ ಒಂದು ತರಬೇತಿಗೆ ನಾವೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆವು. ಯಾವ ಊರು, ಯಾವ ಇಲಾಖೆ ಎಂಬುದು ಬೇಡ. ಪರದೆಯ ಮೇಲೆ ಒಂದು ತಟ್ಟೆಯ ಚಿತ್ರ ಮೂಡಿತು: ಸೇಬು, ಪನೀರು, ಬಾದಾಮಿ, ಹಸಿರು ತರಕಾರಿ, ಒಂದು ಲೋಟ ಹಾಲು. "ಇದೇ ಸಮತೋಲ ಆಹಾರ" ಎಂದರು ಉಪನ್ಯಾಸಕರು. ಹಿಂದಿನಿಂದ ಒಬ್ಬ ಅಕ್ಕ ಎದ್ದು, "ಸಾರ್, ಈ ತಟ್ಟೆಗೆ ಎಷ್ಟಾಗ್ತದೆ?" ಎಂದು ಕೇಳಿದರು. ಸಭೆ ನಕ್ಕಿತು. ಉಪನ್ಯಾಸಕರು ಮುಂದಿನ ಚಿತ್ರಕ್ಕೆ ಹೋದರು. ಆ ಇಡೀ ದಿನದಲ್ಲಿ ಕೇಳಿದ ಬುದ್ಧಿವಂತ ಪ್ರಶ್ನೆ ಅದೊಂದೇ. ಅದಕ್ಕೆ ಉತ್ತರ ಪಠ್ಯದಲ್ಲಿರಲಿಲ್ಲ.

ಬೆಲೆ ಹೇಳದೆ ಪೋಷಣೆ ಕಲಿಸುವುದು ಬಡವನಿಗೆ ಮಾಡುವ ಅವಮಾನ. ಹಾಲು ಕುಡಿ ಎನ್ನುವುದಕ್ಕೆ ಪದವಿ ಬೇಕಿಲ್ಲ. ಹಾಲು ಕೊಳ್ಳಲಾಗದ ಮನೆಯಲ್ಲಿ ಸುಣ್ಣದ ಅಂಶ ಎಲ್ಲಿಂದ ತರಬೇಕು ಎನ್ನುವುದಕ್ಕೆ ವಿದ್ಯೆ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 344 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಸುಮಾರು 10. ನಮ್ಮಜ್ಜಿಯರು ಉಣ್ಣುತ್ತಿದ್ದ ಮುದ್ದೆಯನ್ನು ಬಡತನದ ಗುರುತೆಂದು ಬಿಟ್ಟು ಅನ್ನಕ್ಕೆ ಬಂದೆವು. ಈಗ ಅದೇ ರಾಗಿ ಬಣ್ಣದ ಡಬ್ಬಿಯಲ್ಲಿ ಬಿಸ್ಕತ್ತಾಗಿ ನಾಲ್ಕು ಪಟ್ಟು ಬೆಲೆಗೆ ಮರಳಿ ಬರುತ್ತಿದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಬಸ್ಸಾರು ಮಾಡಿದ ಹೆಂಗಸು ಯಾವ ಪ್ರಯೋಗಾಲಯಕ್ಕೂ ಹೋಗಿರಲಿಲ್ಲ. ನೀರಿಗಿಳಿದ ಸತ್ವ ಅವಳ ಸಾರಿನಲ್ಲೇ ಉಳಿಯಿತು. ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಉಂಡ ಕೂಡಲೆ ಚಹಾ ಕುಡಿದರೆ ಹತ್ತುವುದಿಲ್ಲ. ಪಾಳಿಯ ನಡುವೆ ಊಟದ ಡಬ್ಬಿ ಮುಚ್ಚುವ ಮೊದಲೇ ಚಹಾಕ್ಕೆ ಕೂಗುವ ಮಿತ್ರರು ಇದನ್ನು ಕೇಳಿಸಿಕೊಳ್ಳಲಿ. ಒಂದು ಗಂಟೆ ತಡೆದರೆ ಖರ್ಚೇನೂ ಇಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾವೇ ಒಂದು ಪೋಷಣಾ ಸಭೆ ನಡೆಸಿದೆವು. ಒಂದೂವರೆ ಗಂಟೆ ಕಾಳಿನ ಮಹಿಮೆ ಹೇಳಿ, ಕೊನೆಗೆ ಎಲ್ಲರಿಗೂ ಬನ್ನು, ಚಹಾ ಹಂಚಿದೆವು! ಒಬ್ಬ ಮುದುಕಿ ಬನ್ನನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾ, "ಕಾಳು ನಿಮ್ಮನೇಲೇ ಉಳೀತಾ ಅಪ್ಪಾ?" ಎಂದರು. ಅಂದಿನಿಂದ ನಾವು ಒಲೆಯಿಲ್ಲದ ಸಭೆ ಕರೆದಿಲ್ಲ.

ಕಲಿಕೆ ಹೇಗಿರಬೇಕು ಎಂಬುದಕ್ಕೆ ಸರ್ಕಾರದ ಬಳಿಯೇ ಒಂದು ಒಳ್ಳೆಯ ವಿಚಾರ ಇತ್ತು. 2018ರಲ್ಲಿ ಪೋಷಣ್ ಅಭಿಯಾನ ಬಂದಾಗ, ಒಮ್ಮೆಗೇ ಎಲ್ಲವನ್ನೂ ತುರುಕದೆ, ತಿಂಗಳಿಗೊಂದು ಚಿಕ್ಕ ಪಾಠದಂತೆ 21 ಪಾಠಗಳ ಕ್ರಮ ಮಾಡಿದರು. ಒಂದು ಪಾಠ ಕಲಿ, ಹೋಗಿ ಮನೆಮನೆಯಲ್ಲಿ ಮಾಡಿ ನೋಡು, ಮರುತಿಂಗಳು ಬಂದು ಏನಾಯಿತೆಂದು ಹೇಳು. ಗಿರಣಿಯಲ್ಲಿ ಹಳೆಯ ಕೆಲಸಗಾರ ಹೊಸಬನಿಗೆ ಕಲಿಸುವುದು ಹೀಗೆಯೇ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಆ ತಿಂಗಳ ಸಭೆ ಏನಾಗುತ್ತದೆ? ಅಕ್ಕಂದಿರು ಹೇಳುವುದನ್ನು ಕೇಳಿ. 2021ರಲ್ಲಿ ಮೊಬೈಲಿನ ಪೋಷಣ್ ಟ್ರ್ಯಾಕರ್ ಬಂದ ಮೇಲೆ ಸಭೆಯ ಹೊತ್ತೆಲ್ಲ ಅಂಕಿ ತುಂಬಿದೆಯೇ, ಫೋಟೋ ಏರಿದೆಯೇ ಎಂಬುದಕ್ಕೇ ಹೋಗುತ್ತದೆ. ಮಗುವಿನ ತೂಕ ಪೆಟ್ಟಿಗೆಯಲ್ಲಿ ಕುಳಿತಿತೇ ಎಂದು ಕೇಳುತ್ತಾರೆ. ತೂಕ ಏಕೆ ಇಳಿಯಿತು ಎಂದು ಕೇಳಲು ಹೊತ್ತಿಲ್ಲ.

ಈ ಊರಿನ ಒಬ್ಬ ಅಕ್ಕನ ಕೆಲಸವನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರು ಇಲ್ಲೇ ಇದ್ದಾರೆ, ಹೆಸರು ಹೇಳಬೇಡಿರೆಂದು ಮೊದಲೇ ಹೇಳಿದ್ದಾರೆ. ಮಂಡಕ್ಕಿ ಭಟ್ಟಿಯ ಕೇರಿಯಲ್ಲಿ ಹತ್ತು ತಿಂಗಳ ಒಂದು ಮಗು. ತೋಳಿಗೆ ಅಳತೆಪಟ್ಟಿ ಸುತ್ತಿದರೆ ಕೆಂಪು, ಅಂದರೆ 11.5 ಸೆಂಟಿಮೀಟರಿಗಿಂತ ಕಡಿಮೆ. ಮೊದಲ ಸಲ ಅವರು ಅದನ್ನು ನಾಲ್ಕು ಜನರ ಮುಂದೆ ಹೇಳಿಬಿಟ್ಟರು. ತಾಯಿ ಮರುದಿನದಿಂದ ಕೇಂದ್ರದ ಕಡೆಗೆ ಸುಳಿಯಲಿಲ್ಲ. ಇದು ನನ್ನ ತಪ್ಪು ಎಂದು ಅಕ್ಕ ತಾವೇ ನಮ್ಮಲ್ಲಿ ಹೇಳಿದರು. ಆಮೇಲೆ ಸಂಜೆ ಹೊತ್ತು, ಭಟ್ಟಿಯಿಂದ ಆಕೆ ಮರಳಿದ ಮೇಲೆ, ಮನೆಗೆ ಹೋದರು. ಬುದ್ಧಿ ಹೇಳಲಿಲ್ಲ. "ಮಗುವಿಗೆ ಏನು ತಿನ್ನಿಸ್ತೀಯವ್ವಾ, ನನಗೂ ತೋರಿಸು" ಎಂದು ಒಲೆಯ ಪಕ್ಕ ಕುಳಿತರು. ತಾಯಿ ಅನ್ನದ ಗಂಜಿಯ ತಿಳಿಯನ್ನೂ ಬೇಳೆಯ ಕಟ್ಟನ್ನೂ ಬೆರೆಸಿ, ಬಟ್ಟಲು ತುಂಬ ಕುಡಿಸುತ್ತಿದ್ದಳು. ಬಟ್ಟಲು ಖಾಲಿ, ಮಗುವಿನ ಹೊಟ್ಟೆ ಡೊಳ್ಳು, ಅದರಲ್ಲಿ ಇರುವುದೆಲ್ಲ ನೀರು! ಅಕ್ಕ ಅದೇ ಪಾತ್ರೆಯ ತಳದಿಂದ ಬೇಳೆ, ಅನ್ನ ತೆಗೆದು ಗಟ್ಟಿಯಾಗಿ ಕಿವುಚಿ, ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟು, ಚಮಚವನ್ನು ಬೋರಲು ಹಾಕಿ ತೋರಿಸಿದರು. ಉಣಿಸು ಜಾರಿ ಬೀಳಲಿಲ್ಲ. ಅಷ್ಟೇ ಪಾಠ. ಖರ್ಚು ಒಂದು ಚಮಚ ಎಣ್ಣೆ. ಮಗುವನ್ನು ಆಸ್ಪತ್ರೆಗೂ ಕರೆದೊಯ್ದರು, ಅದನ್ನು ಬಿಡಬಾರದು. ಕೆಂಪು ಬಂದ ಮಗುವಿಗೆ ವೈದ್ಯರ ಕಣ್ಣು ಬೇಕೇ ಬೇಕು. ವಾರಕ್ಕೆರಡು ಸಲ ಆ ಮನೆಗೆ ಹೋದರು. ಎರಡು ತಿಂಗಳಿಗೆ ಪಟ್ಟಿ ಹಳದಿಗೆ ಬಂತು.

ಇಡೀ ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ತಕ್ಕಷ್ಟು ಆಹಾರ ಸಿಗುವುದು ನೂರಕ್ಕೆ 11 ಮಂದಿಗೆ ಮಾತ್ರ ಎಂದು ಅದೇ ಸಮೀಕ್ಷೆ ಹೇಳಿತು. ಉಳಿದ 89ರಲ್ಲಿ ಎಷ್ಟು ಮನೆಗಳಲ್ಲಿ ಪಾತ್ರೆಯ ತಳದಲ್ಲಿ ಬೇಳೆ ಇದ್ದೂ ಮಗುವಿಗೆ ತಿಳಿ ಮಾತ್ರ ಸಿಕ್ಕಿತೋ! ಎಷ್ಟು ಮನೆಗಳಲ್ಲಿ ತಳದಲ್ಲೂ ಬೇಳೆ ಇರಲಿಲ್ಲವೋ! ಮೊದಲನೆಯದಕ್ಕೆ ಶಿಕ್ಷಣ ಬೇಕು, ಎರಡನೆಯದಕ್ಕೆ ಕೂಲಿ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚುವವರನ್ನು ನಂಬಬೇಡಿ, ಅವರು ನಮ್ಮ ಪಕ್ಷದವರೇ ಆಗಿದ್ದರೂ.

ಯೋಜನೆ ಮಾಡುವವರೂ ಇಂಥ ಅಕ್ಕನನ್ನು ಮೊದಲೇ ಕೇಳಿದ್ದರೆ ಚೆನ್ನಾಗಿತ್ತು. 2017ರಲ್ಲಿ ರಾಜ್ಯದಲ್ಲಿ ಮಾತೃಪೂರ್ಣ ಬಂತು. ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ. ಉದ್ದೇಶ ಬಹಳ ಒಳ್ಳೆಯದು; ಮನೆಗೆ ಕೊಟ್ಟ ಧಾನ್ಯ ಎಲ್ಲರಿಗೂ ಹಂಚಿಹೋಗುತ್ತದೆ, ತಾಯಿಯ ಹೊಟ್ಟೆಗೆ ಬೀಳುವುದಿಲ್ಲ ಎಂಬುದೂ ನಿಜ. ಆದರೆ ಮಲೆನಾಡಿನ ಬಸುರಿ ಹೆಂಗಸು ದಿನವೂ ಗುಡ್ಡ ಹತ್ತಿಳಿದು ಊಟಕ್ಕೆ ಬರುವುದು ಹೇಗೆ? ಹಸಿಬಾಣಂತಿಯನ್ನು ಹೊಸಿಲು ದಾಟಿಸದ ಮನೆಯಲ್ಲಿ ಏನು ಮಾಡುವುದು? ಈ ಮಾತನ್ನು ಕಾರ್ಯಕರ್ತೆಯರೇ ಮೊದಲು ಎತ್ತಿದರು.

ಇನ್ನು ಆ ಅಕ್ಕನ ಹೊಟ್ಟೆಯ ಮಾತು. ಆಕೆಗೆ ಸಿಗುವುದು ಸಂಬಳವಲ್ಲವಂತೆ, ಗೌರವಧನವಂತೆ. 2018ರ ಅಕ್ಟೋಬರಿನಲ್ಲಿ ಕೇಂದ್ರವು ತನ್ನ ಪಾಲನ್ನು ತಿಂಗಳಿಗೆ 3,000ದಿಂದ 4,500 ರೂಪಾಯಿಗೆ ಏರಿಸಿ ದೊಡ್ಡ ಉಪಕಾರವೆಂದು ಸಾರಿತು. ಸಹಾಯಕಿಯ ಪಾಲು 2,250. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇವರಿಗೂ 1972ರ ಕಾಯಿದೆಯಂತೆ ಗ್ರಾಚ್ಯುಟಿ ಸಲ್ಲಬೇಕೆಂದು ತೀರ್ಪಿತ್ತಿತು. ನಲವತ್ತೇಳು ವರ್ಷದ ನಂತರ! ಊರಿಗೆಲ್ಲ ರಕ್ತಹೀನತೆಯ ಪಾಠ ಹೇಳುವ ಅಕ್ಕ ತಾನೇ ಮಧ್ಯಾಹ್ನ ಚಹಾ ಕುಡಿದು ಹೊತ್ತು ನೂಕುವುದನ್ನು ನಾವು ಕಂಡಿದ್ದೇವೆ. ಆದ್ದರಿಂದ ತರಬೇತಿ ಎಂದರೆ ಬರೀ ಪಾಠವಲ್ಲ. ತರಬೇತಿಯ ದಿನದ ಪೂರ್ತಿ ಭತ್ಯೆ, ಬಸ್ಸಿನ ಖರ್ಚು, ಆ ದಿನ ಕೇಂದ್ರ ನೋಡಿಕೊಳ್ಳಲು ಬದಲಿ ಆಳು, ಕಲಿತದ್ದಕ್ಕೆ ತಕ್ಕ ಬಡ್ತಿ, ಇವಿಷ್ಟೂ ಸೇರಿದರೆ ಅದು ತರಬೇತಿ. ಈ ಬೇಡಿಕೆಯನ್ನು ಗಿರಣಿ ಕೆಲಸಗಾರರ ಸಂಘವೂ ತನ್ನ ಪಟ್ಟಿಗೆ ಸೇರಿಸಬೇಕೆಂದು ಕೇಳುತ್ತೇವೆ. ತೊಟ್ಟಿಲಲ್ಲಿರುವ ಕೂಸು ನಿಮ್ಮದೇ.

ಅಂಗಡಿಕಾರ ಮಿತ್ರರೊಡನೆ ಒಂದು ಜಗಳವಿದೆ. ನಿಮ್ಮ ಅಂಗಡಿಯ ಬಾಗಿಲಿಗೆ ತೋರಣದಂತೆ ತೂಗುವ ಐದು ರೂಪಾಯಿಯ ಪೊಟ್ಟಣಗಳು ಮಗುವಿನ ಹಸಿವನ್ನು ಉಪ್ಪು, ಎಣ್ಣೆ, ಗಾಳಿಯಿಂದ ಕೊಂದುಬಿಡುತ್ತವೆ. ಮನೆಗೆ ಹೋದ ಮೇಲೆ ಮಗು ಉಣ್ಣುವುದಿಲ್ಲ. ಈ ಮಾತು ಹೇಳಿದಾಗ ಒಬ್ಬ ಅಂಗಡಿಯವರು, "ಕಂಪನಿಯ ಹುಡುಗ ಬಂದು ತಾನೇ ತೂಗುಹಾಕಿ ಹೋಗ್ತಾನೆ, ಸಾಲ ಬಿಡ್ತಾನೆ. ಚಿಕ್ಕಿ ತಂದು ಯಾರು ತೂಗುಹಾಕ್ತಾರೆ, ನೀವಾ?" ಎಂದರು. ಅವರ ಮಾತಿನಲ್ಲಿ ಹುರುಳಿದೆ. ಮೂರು ದಿನ ನಮಗೆ ಉತ್ತರ ಹೊಳೆಯಲಿಲ್ಲ. ಈಗ ಹೆಂಗಸರ ಸ್ವಸಹಾಯ ಸಂಘವೊಂದು ಶೇಂಗಾ ಚಿಕ್ಕಿಯನ್ನೂ, ಮಂಡಕ್ಕಿಗೆ ಹುರಿಗಡಲೆ, ಶೇಂಗಾ ಬೆರೆಸಿದ ಪೊಟ್ಟಣವನ್ನೂ ಮಾಡಿಕೊಡಲು ಒಪ್ಪಿದೆ. ಹದಿನೈದು ದಿನ ಸಾಲ ಬಿಡುತ್ತಾರೆ. ಲಾಭ ಸ್ವಲ್ಪ ಕಡಿಮೆಯೇ, ಸುಳ್ಳು ಹೇಳುವುದಿಲ್ಲ. ಏಳು ಅಂಗಡಿಯವರು ಹೆಸರು ಕೊಟ್ಟಿದ್ದಾರೆ. ಉಳಿದವರು ಹೋಗುವಾಗ ಬಾಗಿಲ ಬಳಿ ಕೊಡಬಹುದು.

ಕೂಸಿಗೆ ಸಿಗುವುದು ಯಾರದೋ ದಾನವಲ್ಲ ಎಂಬುದೂ ನೆನಪಿರಲಿ. 2013ರ ಆಹಾರ ಭದ್ರತಾ ಕಾಯಿದೆಯಂತೆ ಆರು ತಿಂಗಳಿಂದ ಆರು ವರ್ಷದ ಪ್ರತಿ ಮಗುವಿಗೂ ಕ್ಯಾಲರಿ, ಸಸಾರಜನಕಗಳ ಗೊತ್ತಾದ ಪ್ರಮಾಣದ ಆಹಾರ ಅಂಗನವಾಡಿಯಿಂದ ಸಲ್ಲಬೇಕು. ಕೇಳಿ ಪಡೆಯಿರಿ. 2021ರ ಡಿಸೆಂಬರಿನಲ್ಲಿ ಶಾಲೆಯ ಮೊಟ್ಟೆಗೆ ಕೆಲವು ಮಠಾಧೀಶರು ಅಡ್ಡಬಂದಾಗ, ಗಂಗಾವತಿಯ ಶಾಲಾ ಹುಡುಗಿಯರೇ ಮೈಕು ಹಿಡಿದು ನಮಗೆ ಮೊಟ್ಟೆ ಬೇಕೆಂದು ಹೇಳಿದರಲ್ಲ, ಆ ಮಕ್ಕಳಿಗೆ ಸಸಾರಜನಕದ ಪಾಠ ಯಾರು ಹೇಳಿಕೊಟ್ಟಿದ್ದರು?

ಬಾಗಿಲಲ್ಲಿ ಪ್ರಶ್ನೆ ಕೇಳಿದ ಮಿತ್ರರು ಈಗ ಕೈಯೆತ್ತಿ, ಅಡುಗೆ ತೋರಿಸುವಾಗ ಗಂಡಸರೂ ಬರಬಹುದೇ ಎಂದು ಕೇಳುತ್ತಿದ್ದಾರೆ. ಬರಲೇಬೇಕು. ಶನಿವಾರ ಮೊದಲ ಪಾಳಿ ಮುಗಿದ ಮೇಲೆ, ಮೂರು ಗಂಟೆಗೆ, ಭಟ್ಟಿ ಕೇರಿಯ ನಲ್ಲಿಯ ಬಳಿ. ಒಲೆ ನಮ್ಮದು, ಕಾಳು ಅಂಗಡಿ ಬೀದಿಯವರದು, ಪಾಠ ಅಕ್ಕನದು. ತಟ್ಟೆ ಲೋಟ ನೀವೇ ತನ್ನಿ. ಬನ್ನು ಇರುವುದಿಲ್ಲ.