ಬೇಗೂರಿನ ಕಲ್ಲು

ನಮ್ಮ ಶಾಲೆಗೆ ಹೊಸದಾಗಿ ಸೇರಿದ ಹುಡುಗನೊಬ್ಬನನ್ನು, "ನಿಮ್ಮದು ಯಾವ ಊರಪ್ಪ?" ಎಂದು ಕೇಳಿದೆ. "ಬೇಗೂರು, ಸಾರ್" ಎಂದ. ಮರುಕ್ಷಣವೇ ನಾಲಗೆ ಕಚ್ಚಿಕೊಂಡು, "ಅಂದರೆ ಬೆಂಗಳೂರೇ, ಸಾರ್" ಎಂದು ತಿದ್ದಿಕೊಂಡ. ಆ ತಿದ್ದುಪಡಿಯ ವಿಚಾರವಾಗಿಯೇ ತಮ್ಮೊಡನೆ ಎರಡು ಮಾತನಾಡಬೇಕೆಂದಿದ್ದೇನೆ.

ಹುಡುಗ ಹೇಳಿದ್ದು ಸುಳ್ಳಲ್ಲ. ಬೇಗೂರು ನಗರದ ತೆಂಕಣ ಭಾಗದಲ್ಲಿ, ಹೊಸೂರು ರಸ್ತೆಗೂ ಬನ್ನೇರುಘಟ್ಟದ ರಸ್ತೆಗೂ ನಡುವೆ ಇದೆ. ಬೆಂಗಳೂರು ಬೆಳೆಬೆಳೆಯುತ್ತ ಸುತ್ತಲಿನ ಹಳ್ಳಿಗಳನ್ನು ಒಂದೊಂದಾಗಿ ಒಳಗೆ ಸೇರಿಸಿಕೊಂಡಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ ಏಳು ನಗರಸಭೆಗಳೂ ಒಂದು ಪುರಸಭೆಯೂ ನೂರಕ್ಕೂ ಮಿಕ್ಕ ಹಳ್ಳಿಗಳೂ ಒಂದೇ ಆಡಳಿತಕ್ಕೆ ಬಂದವು. ಬೇಗೂರೂ ಹೀಗೆ ನಗರದ ಪಾಲಾಯಿತು. ಹೊಲಗಳಿದ್ದಲ್ಲಿ ಬಡಾವಣೆಗಳೆದ್ದವು.

ಆದರೆ ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಲ್ಲಿದೆ. ಅದರ ಮೇಲಿನ ಶಾಸನ ಗಂಗರ ಕಾಲದ್ದು, ಸುಮಾರು ಕ್ರಿ.ಶ. 900ರದು, ಭಾಷೆ ಹಳಗನ್ನಡ. ನಾಗತ್ತರನೆಂಬ ಅಧಿಕಾರಿಯ ಕಡೆಯವರಿಗೆ ಬೆಂಗಳೂರ ಕಾಳೆಗದಲ್ಲಿ ಮರಣವೊದಗಿದ ಸಂಗತಿ ಅದರಲ್ಲಿದೆ. ಬೆಂಗಳೂರೆಂಬ ಹೆಸರಿಗೆ ಇದುವರೆಗೆ ದೊರೆತಿರುವ ಅತಿ ಹಳೆಯ ಲಿಖಿತ ಆಧಾರ ಇದೇ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಈ ಹೆಸರು ಬಂತೆಂಬ ಕಥೆ ಸೊಗಸಾದದ್ದೇ. ಆದರೆ ಬಲ್ಲಾಳ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮುಂಚೆಯೇ ಈ ಕಲ್ಲು ಬೆಂಗಳೂರನ್ನು ಹೆಸರಿಸಿತ್ತು. ಕೆಂಪೇಗೌಡರು ಪೇಟೆ ಕಟ್ಟಿದ್ದೆಂದು ಹೇಳುವ 1537 ಇನ್ನೂ ಈಚಿನದು.

ಬೇಗೂರಿನದೇ ಮತ್ತೊಂದು ದೊಡ್ಡ ವೀರಗಲ್ಲನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಎರೆಯಪ್ಪನ ಅಪ್ಪಣೆಯಂತೆ ಯುದ್ಧಕ್ಕೆ ಹೋದ ನಾಗತ್ತರ ತುಂಬೆಪಾಡಿಯಲ್ಲಿ ಕಾದಿ ಮಡಿದನೆಂದೂ, ಅನಂತರ ಆ ಪಟ್ಟವನ್ನು ಇರುಗನಿಗೆ ಕಟ್ಟಿ ಬೆಂಪೂರು ಹನ್ನೆರಡನ್ನು ಕೊಡಲಾಯಿತೆಂದೂ ಅದು ತಿಳಿಸುತ್ತದೆ. ಬೆಂಪೂರೆಂದರೆ ಈ ಬೇಗೂರೇ. ಅಂದರೆ, ಇಂದು ನಗರದ ಒಂದು ಮೂಲೆಯಾಗಿರುವ ಊರು ಅಂದು ತನ್ನ ಹೆಸರಿನಲ್ಲೇ ಒಂದು ನಾಡಿನ ತುಣುಕನ್ನು ಆಳುತ್ತಿತ್ತು.

ಊರು ಬೆಳೆಯಬಾರದೆಂದು ನಾನು ಹೇಳುವುದಿಲ್ಲ. ನಲ್ಲಿಯ ನೀರು, ಬಸ್ಸು, ಆಸ್ಪತ್ರೆ ಯಾರಿಗೆ ಬೇಡ? ಆದರೆ ಆಡಳಿತದ ಗೆರೆಗಳು ಸ್ಥಿರವಲ್ಲ. 2007ರ ಆ ಪಾಲಿಕೆಯ ಜಾಗಕ್ಕೆ 2025ರಲ್ಲಿ ಐದು ಪಾಲಿಕೆಗಳು ಬಂದವು. ಗೆರೆ ಅಳಿಸಿದರೆ ಮತ್ತೆ ಎಳೆಯಬಹುದು. ತಳಪಾಯಕ್ಕೆ ಹೂತ ವೀರಗಲ್ಲನ್ನಾಗಲಿ, ಹಿರಿಯರೊಡನೆ ಹೋದ ಹೊಲಗದ್ದೆಗಳ ಹೆಸರನ್ನಾಗಲಿ ಮರಳಿ ತರುವುದು ಹೇಗೆ?

ತಾವಿರುವ ಬಡಾವಣೆಯೂ ಒಂದು ಕಾಲಕ್ಕೆ ಯಾವುದೋ ಹಳ್ಳಿಯ ಹೊಲವೇ ಆಗಿದ್ದೀತು. ಆ ಹಳ್ಳಿಯ ಹಿರಿಯರೊಬ್ಬರನ್ನು ಕಂಡು ಕೆರೆ, ಕಟ್ಟೆ, ತೋಪು, ಹೊಲಗಳ ಹೆಸರುಗಳನ್ನು ಕೇಳಿ ಬರೆದಿಡಿ. ಬೀದಿಬದಿಯಲ್ಲಿ ಅಕ್ಷರದ ಕಲ್ಲು ಕಂಡರೆ ಸುಣ್ಣ ಬಳಿಯಲು, ಬಟ್ಟೆ ಒಗೆಯಲು ಬಿಡಬೇಡಿ. ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ.

ಮರುದಿನ ಆ ಹುಡುಗನನ್ನು ಕರೆದು ಹೇಳಿದೆ: "ಬೇಗೂರೆಂದು ಧೈರ್ಯವಾಗಿ ಹೇಳಪ್ಪ. ಬೆಂಗಳೂರಿನ ಹೆಸರನ್ನು ಸಾವಿರದ ನೂರು ವರ್ಷ ಕಾಪಾಡಿದ್ದು ನಿಮ್ಮೂರು."