ಬಿಡುವುದೂ ಕಾಯಕವೇ



ಕಾಯಕ ಹಿಡಿಯುವುದನ್ನು ಕುರಿತು ನಾವು ಅನೇಕ ಸಲ ಮಾತನಾಡಿದ್ದೇವೆ. ಬಿಡುವುದನ್ನು ಕುರಿತು ಇಂದು ಎರಡು ಮಾತು.

ಹಿಂದೊಮ್ಮೆ ಗಣಿತದ ಶಿಕ್ಷಕರೊಬ್ಬರು ಮಠಕ್ಕೆ ಬಂದರು. ಬೇರೆ ಊರಲ್ಲಿ ಹೆಚ್ಚಿನ ಸಂಬಳದ ನೌಕರಿ ಸಿಕ್ಕಿತ್ತು. ತಿಂಗಳು ಮೊದಲೇ ತಿಳಿಸಬೇಕೆಂಬ ಕರಾರಿದ್ದರೂ ತಿಳಿಸದೆ ಬಿಟ್ಟು ಬಂದಿದ್ದರು. “ಕರಾರಿನಂತೆ ಒಂದು ತಿಂಗಳ ಸಂಬಳ ಕಟ್ಟಿದ್ದೇನೆ, ಬುದ್ಧಿ. ಲೆಕ್ಕ ಚುಕ್ತಾ ಆಯಿತಲ್ಲ?” ಎಂದರು. “ಆಡಳಿತ ಮಂಡಳಿಯ ಲೆಕ್ಕ ತೀರಿತು. ಹತ್ತನೆಯ ತರಗತಿಯ ಮಕ್ಕಳಿಗೆ ಪರೀಕ್ಷೆ ಯಾವಾಗ?” ಎಂದು ನಾವು ಕೇಳಿದೆವು. ಅವರು ತಲೆ ತಗ್ಗಿಸಿದರು.

ಆಯ್ದಕ್ಕಿ ಮಾರಯ್ಯನವರು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದವರು ಲಕ್ಕಮ್ಮನವರು. ಅನುಭಾವಕ್ಕಾಗಿಯೂ ಕಾಯಕ ನಿಲ್ಲಬಾರದೆಂದ ಮೇಲೆ, ಹೆಚ್ಚಿನ ಸಂಬಳಕ್ಕಾಗಿ ಅದನ್ನು ನಡುವೆ ಕೈಬಿಡಬಹುದೇ?

ಹಾಗೆಂದು ಧಣಿಗೆ ಜೀತವಿರಿ ಎಂದು ನಾವು ಹೇಳುತ್ತಿಲ್ಲ. ಬಲವಂತದ ದುಡಿಮೆಯನ್ನು ನಮ್ಮ ಸಂವಿಧಾನದ 23ನೆಯ ವಿಧಿಯೇ ನಿಷೇಧಿಸಿದೆ. ಸಂಬಳ ಕೊಡದ, ಮಾನ ಕಳೆಯುವ ಕಡೆ ಒಂದು ದಿನವೂ ನಿಲ್ಲಬೇಕಾಗಿಲ್ಲ; ಕಾರಣ ಬರೆದುಕೊಟ್ಟು ಹೊರಡಿರಿ. ಧಣಿಯೂ ನೆನಪಿಡಲಿ: ನುಡಿಯ ಕಟ್ಟು ಇಬ್ಬರಿಗೂ ಒಂದೇ. ನಾಳೆಯಿಂದ ಬರಬೇಡ ಎಂದು ಸಂಜೆಗೆ ಹೇಳುವವನು ನೌಕರನಿಂದ ನಿಷ್ಠೆ ಕೇಳಲಾರ.

ಆ ಶಿಕ್ಷಕರು ಹೊಸ ಶಾಲೆಗೆ ಸೇರಿದರು. ಆದರೆ ಪರೀಕ್ಷೆ ಮುಗಿಯುವವರೆಗೆ ಪ್ರತಿ ಭಾನುವಾರ ಬಂದು ಹಳೆಯ ಮಕ್ಕಳಿಗೆ ಪಾಠ ಹೇಳಿದರು. ಹಣದಿಂದ ಕರಾರು ತೀರುತ್ತದೆ. ನಂಬಿದವರ ಋಣ ಕೈಯಲ್ಲಿದ್ದುದನ್ನು ಮತ್ತೊಬ್ಬರ ಕೈಗೆ ಒಪ್ಪಿಸಿದಾಗಲೇ ತೀರುತ್ತದೆ.