ಗಡಿಸೀಮೆಯ ಸಿಪಾಯಿ ಮೆಡೋಸ್ ಟೇಲರ್



ಆಳಂದ ಸೀಮೆಯಲ್ಲಿ ಹುಟ್ಟುವ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಭೀಮೆ ಜೇವರ್ಗಿ ಸೀಮೆ ಹಾದು ಕೃಷ್ಣೆಯ ಕಡೆ ಇಳಿಯುತ್ತಾಳೆ. ಈ ಮೂರು ತಾಲ್ಲೂಕುಗಳ ಬಡಗಣ ಮಗ್ಗುಲಿಗೆ ನಳದುರ್ಗ, ತುಳಜಾಪುರ. ತೆಂಕಣ ಮಗ್ಗುಲಿಗೆ ಶಹಾಪುರ, ಸುರಪುರ. ನೂರೆಂಬತ್ತು ವರ್ಷದ ಹಿಂದೆ ಈ ಎರಡೂ ಮಗ್ಗುಲಲ್ಲಿ ಕುದುರೆ ಓಡಿಸಿದ, ಕಂದಾಯ ಎತ್ತಿದ, ಕೆರೆ ಕಟ್ಟಿಸಿದ, ಕಳ್ಳರನ್ನು ಹಿಡಿದ, ಜೇವರ್ಗಿಯ ಹೊಲದಲ್ಲಿ ಗೋರಿ ಅಗೆದ ಒಬ್ಬನೇ ಮನುಷ್ಯನಿದ್ದ. ಹೆಸರು ಫಿಲಿಪ್ ಮೆಡೋಸ್ ಟೇಲರ್. ಇವತ್ತಿನ ಮಾತು ಅವನ ಬಗ್ಗೆ.

ಆದರೆ ಮಾತನ್ನು ಅವನಿಂದ ಶುರು ಮಾಡುವಂತಿಲ್ಲ. ಅವನು ಬರುವ ಮೊದಲೇ ಈ ನೆಲದಲ್ಲಿ ಗಡಿ ಕಾಯುವ ಕಸುಬು ಬಲ್ಲವರು ಇದ್ದರು. ಸುರಪುರದ ಬೇಡರು. ವಿಜಯಪುರದ ಆದಿಲ್‌ಶಾಹಿ ಮುಳುಗಿದ ಮೇಲೂ ಮುಳುಗದೆ ಉಳಿದ ನಾಯಕ ಮನೆತನ ಅವರದು. 1705ರಲ್ಲಿ ಅವರ ವಾಗಣಗೇರಾ ಕೋಟೆಯ ಮೇಲೆ ಔರಂಗಜೇಬನೇ ಖುದ್ದಾಗಿ ಬಂದ. ಆಗ ಬಾದಶಹನಿಗೆ ಎಂಬತ್ತಾರು ವರ್ಷ. ದಂಡನ್ನು ನಡೆಸಿ ಅವನು ಮಾಡಿದ ಕೊನೆಯ ಮುತ್ತಿಗೆ ಅದು. ತಿಂಗಳುಗಟ್ಟಲೆ ತೋಪು ಹಾರಿಸಿದರೂ ಬೇಡರ ದೊರೆ ಪಿಡ್ಡ ನಾಯಕ ಜಗ್ಗಲಿಲ್ಲ. ನಡುವೆ ಸಂಧಾನದ ಮಾತಾಡಿ ದಿನ ತಳ್ಳಿದ. ಕಡೆಗೆ ಇನ್ನು ನಿಲ್ಲಲಾಗದು ಎನಿಸಿದಾಗ ರಾತ್ರೋರಾತ್ರಿ ತನ್ನವರ ಜೊತೆ ಜಾರಿಕೊಂಡ. ಮೊಘಲರಿಗೆ ಸಿಕ್ಕಿದ್ದು ಬರಿದಾದ ಕೋಟೆ. ಬಾದಶಹ ಹತ್ತಿರದ ದೇವಾಪುರದಲ್ಲಿ ಡೇರೆ ಹಾಕಿ ಅಲ್ಲೇ ಜಡ್ಡಿಗೆ ಬಿದ್ದ. ಎರಡು ವರ್ಷದೊಳಗೆ ಅಹಮದನಗರದಲ್ಲಿ ತೀರಿಹೋದ. ಬೇಡರು ತಮ್ಮ ಗುಡ್ಡಗಳಿಗೆ ತಿರುಗಿ ಬಂದರು. ಗುಡ್ಡ, ಹಳ್ಳ, ಕಳ್ಳದಾರಿಗಳನ್ನು ಬಲ್ಲ ಪಡೆಗೆ ಕೋಟೆ ಹೋದರೆ ಎಲ್ಲವೂ ಹೋದಂತಲ್ಲ.

ನೆಲ ಬಲ್ಲವರ ಇಂಥ ಗಡಿಕಾಳಗ ಬೇರೆ ಕಡೆಯೂ ಇತ್ತು. ಅದೇ ಶತಮಾನದ ನಡುಭಾಗದಲ್ಲಿ, ಸಮುದ್ರದಾಚೆಯ ಉತ್ತರ ಅಮೆರಿಕದಲ್ಲಿ, ಇಂಗ್ಲಿಷರಿಗೂ ಫ್ರೆಂಚರಿಗೂ ಕಾಡಿನ ಗಡಿಯಲ್ಲಿ ಲಡಾಯಿ ನಡೆದಿತ್ತು. ಅಲ್ಲಿ ರಾಬರ್ಟ್ ರೋಜರ್ಸ್ ಎಂಬುವನು ರೇಂಜರ್ ಪಡೆಯೊಂದನ್ನು ಕಟ್ಟಿದ. 1731ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವನು. ಸಾಲಾಗಿ ನಿಂತು ಗುಂಡು ಹಾರಿಸುವ ಯುರೋಪಿನ ಕವಾಯತು ಕಾಡಿನಲ್ಲಿ ನಡೆಯದೆಂದು ಕಂಡುಕೊಂಡು, ಅಲ್ಲಿನ ಮೂಲನಿವಾಸಿಗಳು ಕಾದುವ ರೀತಿಯನ್ನೇ ಕಲಿತು, 1757ರಲ್ಲಿ ತನ್ನ ಪಡೆಗೆ 28 ನಿಯಮಗಳನ್ನು ಬರೆದುಕೊಟ್ಟ. 1765ರಲ್ಲಿ ತನ್ನ ದಿನಚರಿಗಳನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆಮೇಲೆ ರಾಜದ್ರೋಹದ ಆಪಾದನೆ, ಖುಲಾಸೆ, ಸಾಲಗಾರರ ಜೈಲು; 1795ರಲ್ಲಿ ಲಂಡನ್ನಿನಲ್ಲೇ ಕಣ್ಣು ಮುಚ್ಚಿದ. ಯಾರಿಂದ ಕಾಡಿನ ಯುದ್ಧ ಕಲಿತನೋ ಅವರ ಹಳ್ಳಿಯನ್ನೇ ಸುಟ್ಟವನೂ ಅವನೇ. ಆ ಹಳ್ಳಿಯವರು ಪುಸ್ತಕ ಬರೆಯಲಿಲ್ಲ, ರೋಜರ್ಸ್ ಬರೆದ. ಟೇಲರನ ಕಥೆ ಕೇಳುವಾಗ ಇದೊಂದು ನೆನಪಿರಲಿ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲಿನಲ್ಲಿ. ಅಪ್ಪನ ವ್ಯಾಪಾರ ಬಿದ್ದುಹೋಯಿತು. ಮುಂಬಯಿಯ ಒಬ್ಬ ವರ್ತಕ ಹುಡುಗನನ್ನು ಅಂಗಡಿಗೆ ಸೇರಿಸಿಕೊಂಡು ಮುಂದೆ ಪಾಲುದಾರನನ್ನಾಗಿ ಮಾಡುತ್ತೇನೆಂದು ಮಾತು ಕೊಟ್ಟ. ಅದನ್ನು ನಂಬಿ 1824ರಲ್ಲಿ ಹುಡುಗ ಹಡಗು ಹತ್ತಿದ. ಮುಂಬಯಿಯಲ್ಲಿ ಇಳಿದು ನೋಡಿದರೆ ಆ ಅಂಗಡಿಯೇ ದಿವಾಳಿಯ ಅಂಚಿನಲ್ಲಿತ್ತು. ತಾಯಿಯ ಕಡೆಯ ನೆಂಟರೊಬ್ಬರು ಅಲ್ಲಿನ ಸರಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಅವರ ವಶೀಲಿಯಿಂದ ಹೈದರಾಬಾದಿನ ನಿಜಾಮನ ದಂಡಿನಲ್ಲಿ ಅಧಿಕಾರಿಯ ಜಾಗ ಸಿಕ್ಕಿತು.

ಇಲ್ಲೊಂದು ಸೂಕ್ಷ್ಮವಿದೆ. ಟೇಲರ್ ಕಂಪನಿ ಸರಕಾರದ ಪಕ್ಕಾ ನೌಕರನಲ್ಲ. ನಿಜಾಮನ ಸಂಬಳದ ಮೇಲೆ, ಇಂಗ್ಲಿಷ್ ರೆಸಿಡೆಂಟನ ಹುಕುಮಿನ ಕೆಳಗೆ ಇದ್ದವನು. ಕಂಪನಿಯ ದೊರೆಗಳ ಕಣ್ಣಿಗೆ ಇಂಥವರು ಒಂದು ಮೆಟ್ಟಿಲು ಕೆಳಗಿನವರು. ಅವನು ಹಿಂದುಸ್ತಾನಿ ಕಲಿತ, ಮರಾಠಿ ಕಲಿತ. ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳನ್ನು ಮದುವೆಯಾದ. ಆ ಪಾಮರನ ತಾಯಿ ಹಿಂದುಸ್ತಾನದ ಬೇಗಂ. ಹೀಗೆ ಎರಡು ದೋಣಿಯಲ್ಲಿ ಕಾಲಿಟ್ಟವನಾದ್ದರಿಂದಲೇ ಅವನಿಗೆ ನಮ್ಮ ಜನ ಹತ್ತಿರವಾದರು ಎಂದು ನನಗನಿಸುತ್ತದೆ.

ಇಪ್ಪತ್ತರ ಆಸುಪಾಸಿನಲ್ಲೇ ಅವನಿಗೆ ಪೊಲೀಸ್ ಕೆಲಸ ಬಂತು. ತುಳಜಾಪುರದ ಸುತ್ತಿನ ಸೀಮೆ. ಒಂದಿಷ್ಟು ಸವಾರರನ್ನು ಕಟ್ಟಿಕೊಂಡು ದರೋಡೆಕೋರರ ಬೆನ್ನು ಹತ್ತುವುದು, ಹಳ್ಳಿಗಳಲ್ಲಿ ಪಂಚಾಯಿತಿ ಕೂಡಿಸಿ ಜಗಳ ಬಗೆಹರಿಸುವುದು ದಿನದ ಕಸುಬು. ದಾರಿಹೋಕರ ಹೆಣಗಳು ಅಲ್ಲಲ್ಲಿ ಸಿಗುತ್ತಿದ್ದವು. ಕೊಂದವರ ಸುಳಿವು ಮಾತ್ರ ಸಿಗುತ್ತಿರಲಿಲ್ಲ. ಹುಡುಕಾಟ ನಡೆದಿರುವಾಗಲೇ ಅವನನ್ನು ದಂಡಿಗೆ ವಾಪಸು ಕರೆಸಿಕೊಂಡರು. ಕೆಲ ಕಾಲದಲ್ಲೇ ಉತ್ತರದಲ್ಲಿ ಸ್ಲೀಮನ್ ಎಂಬ ಇಂಗ್ಲಿಷ್ ಅಧಿಕಾರಿ, ಹೀಗೆ ದಾರಿಹೋಕರನ್ನು ಕೊಲ್ಲುತ್ತಿದ್ದ ಥಗ್ಗರ ಜಾಲವನ್ನು ಹೊರಗೆಳೆದು ಹೆಸರು ಮಾಡಿದ. ಆ ಹೆಸರು ತನಗೆ ಬರಬೇಕಿತ್ತೆಂದು ಟೇಲರನಿಗೆ ಕೊನೆಯವರೆಗೂ ಹಳಹಳಿಯಿತ್ತು. ಮುಂದೆ ಸಿಕ್ಕಿಬಿದ್ದ ಥಗ್ಗರ ಹೇಳಿಕೆಗಳನ್ನು ತಾನೇ ಕುಳಿತು ಬರೆದುಕೊಂಡ. 1839ರಲ್ಲಿ ಅಚ್ಚಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿ ಹುಟ್ಟಿದ್ದು ಹಾಗೆ. ಇಂಗ್ಲೆಂಡಿನಲ್ಲಿ ಅದನ್ನು ಮುಗಿಬಿದ್ದು ಓದಿದರು.

1841ರಲ್ಲಿ ಸುರಪುರದ ಆಡಳಿತ ನೋಡಿಕೊಳ್ಳುವ ಕೆಲಸ ಬಂತು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ಮಗ ವೆಂಕಟಪ್ಪ ಏಳೆಂಟು ವರ್ಷದ ಹುಡುಗ. ಹಿಂದಿನ ಪಿಡ್ಡ ನಾಯಕನ ಹೆಸರನ್ನೇ ಹೊತ್ತ ಚಿಕ್ಕಪ್ಪನದು ಒಂದು ಬಣ, ರಾಣಿ ಈಶ್ವರಮ್ಮನದು ಇನ್ನೊಂದು. ನಿಜಾಮನಿಗೆ ಕೊಡಬೇಕಾದ ಪೇಶಕಶ್, ನಜರಾಣಗಳ ಸಾಲ ಸಂಸ್ಥಾನದ ನೆತ್ತಿಯ ಮೇಲಿತ್ತು. ಟೇಲರ್ ಬಾಕಿ ಚುಕ್ತಾ ಮಾಡಿಸಿದ, ಲೆಕ್ಕಪತ್ರ ನೆಟ್ಟಗೆ ಮಾಡಿದ. ಹಳೆಯ ನಾಯಕರು ಕಟ್ಟಿಸಿದ್ದ ಬೋನಾಳ ಕೆರೆಯನ್ನು ದೊಡ್ಡದು ಮಾಡಿಸಿದ. ಇವತ್ತು ಚಳಿಗಾಲದಲ್ಲಿ ಹೊರನಾಡಿನ ಹಕ್ಕಿಗಳು ಇಳಿಯುವ ಆ ಕೆರೆಯನ್ನು ಕೇಳುಗರಲ್ಲಿ ಎಷ್ಟೋ ಜನ ನೋಡಿರುತ್ತೀರಿ. ಗುಡ್ಡದ ಮೇಲೆ ತನಗೊಂದು ಬಂಗಲೆ ಕಟ್ಟಿಸಿಕೊಂಡ. ಟೇಲರ್ ಮಂಜಿಲ್ ಎಂಬ ಹೆಸರಿನಲ್ಲೇ ಅದು ಈಗಲೂ ನಿಂತಿದೆ. ಹುಡುಗ ದೊರೆ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಜನ ‘ಮಹಾದೇವ ಬಾಬಾ’ ಎನ್ನುತ್ತಿದ್ದರಂತೆ. ಅಂತೆ ಎಂದೆ, ಯಾಕೆಂದರೆ ಹಾಗೆ ಹೇಳಿಕೊಂಡವನು ಅವನೇ.

ಇದೇ ಕಾಲದಲ್ಲಿ ಅವನು ಜೇವರ್ಗಿಗೆ ಬಂದದ್ದು. ಫಿರೋಜ್ ಶಾಹ ಬಹಮನಿ ಭೀಮೆಯ ದಂಡೆಯಲ್ಲಿ ಕಟ್ಟಿಸಿದ ಫಿರೋಜಾಬಾದ್ ಎಂಬ ಪಾಳು ಪಟ್ಟಣ ನಿಮಗೆ ಗೊತ್ತಿದೆ. ಅದಕ್ಕೆ ಹತ್ತಿರದಲ್ಲಿ, ಜೇವರ್ಗಿಯ ಬಯಲಿನಲ್ಲಿ, ಕಲ್ಲುಗಳನ್ನು ದುಂಡಗೆ ಸುತ್ತುವರಿಸಿ ಇಟ್ಟ ದಿಬ್ಬಗಳನ್ನು ಟೇಲರ್ ಕಂಡ. ಸುರಪುರ ಸೀಮೆಯ ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಗೂಡುಗಳನ್ನು ಅವನು ನೋಡಿದ್ದ. ಶಹಾಪುರದ ಬಳಿ ವಿಭೂತಿಹಳ್ಳಿಯಲ್ಲಿ ಹೆಬ್ಬಂಡೆಗಳನ್ನು ಸಾಲುಸಾಲಾಗಿ ಹೂಡಿದ್ದನ್ನೂ ನೋಡಿದ್ದ. ನಮ್ಮ ಕಡೆ ಇಂಥವನ್ನು ಮೊರೇರ ಮನೆ ಎನ್ನುವುದುಂಟು, ಹಿಂದಿನ ಕಾಲದ ಕುಳ್ಳರು ಕಟ್ಟಿದ್ದೆಂದು ಹೇಳುವುದುಂಟು. ಸಾಮಾನ್ಯ ಸಾಹೇಬನಾಗಿದ್ದರೆ ಕೇಳಿ ನಕ್ಕು ಮುಂದೆ ಹೋಗುತ್ತಿದ್ದ. ಇವನು ಆಳು ಹಚ್ಚಿ ಅಗೆಸಿದ.

ಆಳಕ್ಕೆ ಇಳಿದಾಗ ಮೊದಲು ಕಲ್ಲು ಮಣ್ಣು, ಅದರ ಕೆಳಗೆ ಚಪ್ಪಡಿ, ಅದರ ಕೆಳಗೆ ಮನುಷ್ಯರ ಎಲುಬು. ಜೊತೆಗೆ ಮಣ್ಣಿನ ಗಡಿಗೆಗಳು, ಕಬ್ಬಿಣದ ಈಟಿಮೊನೆ, ಬೂದಿ, ಇದ್ದಿಲು. ಕೆಲವು ಅಸ್ಥಿಪಂಜರಗಳಲ್ಲಿ ತಲೆಬುರುಡೆ ಮೈಯಿಂದ ಬೇರೆಯಾಗಿ ಬಿದ್ದಿತ್ತು. ನರಬಲಿ ಇರಬಹುದೆಂದು ಅವನು ಊಹಿಸಿದ. ಯುರೋಪಿನ ಕೆಲ್ಟರು, ಸಿಥಿಯನ್ನರು ಇಲ್ಲಿಯವರೆಗೂ ಬಂದು ಈ ಗೋರಿ ಮಾಡಿರಬೇಕು ಎಂದೂ ಊಹಿಸಿದ. ಆ ಊಹೆ ಇವತ್ತು ನಿಲ್ಲುವುದಿಲ್ಲ. ದಕ್ಷಿಣದ ಕಬ್ಬಿಣ ಯುಗದ ಜನ ತಮ್ಮ ಸತ್ತವರಿಗೆ ಕಟ್ಟಿದ ಬೃಹತ್ ಶಿಲಾ ಸಮಾಧಿಗಳಿವು. ಆದರೆ ಅವನು ಮಾಡಿದ ಒಂದು ಕೆಲಸ ಮಾತ್ರ ನಿಂತಿತು. ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಿದ್ದರೆ ನಿಧಿ ಅಗೆಯುವವನಾಗುತ್ತಿದ್ದ. ಗುಂಡಿಯ ಗೋಡೆಯನ್ನೇ ನೋಡಿ, ಯಾವ ಪದರದ ಕೆಳಗೆ ಯಾವ ಪದರ, ಎಲುಬು ಎಲ್ಲಿ, ಗಡಿಗೆ ಎಲ್ಲಿ ಎಂದು ಅಡ್ಡ ಸೀಳಿದಂತೆ ಚಿತ್ರ ಬರೆದ. 1850ರ ಸುಮಾರಿಗೆ ಯುರೋಪಿನಲ್ಲೇ ಇಷ್ಟು ಜತನದಿಂದ ಅಗೆಯುವವರು ವಿರಳ. ಶತಮಾನ ಕಳೆದ ಮೇಲೆ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮೆಚ್ಚಿ ಎತ್ತಿ ತೋರಿಸಿದ. ಟೇಲರನ ಲೇಖನಗಳು ಮುಂಬಯಿಯ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲೂ ಮುಂದೆ ಡಬ್ಲಿನ್‌ನಲ್ಲೂ ಅಚ್ಚಾದವು. ಜೇವರ್ಗಿಯ ಹೆಸರು ಜಗತ್ತಿನ ವಿದ್ವಾಂಸರ ಕಿವಿಗೆ ಬಿದ್ದದ್ದು ಹೀಗೆ. ನನ್ನನ್ನು ಕೇಳಿದರೆ ಅವನ ಇಡೀ ನೌಕರಿಯಲ್ಲಿ ಇದೇ ಗಟ್ಟಿ ಕೆಲಸ, ಕಾದಂಬರಿಗಳು ಇದರ ನಂತರ.

1853ರಲ್ಲಿ ಎರಡು ಸಂಗತಿ ನಡೆದವು. ವೆಂಕಟಪ್ಪ ನಾಯಕ ವಯಸ್ಸಿಗೆ ಬಂದನೆಂದು ಸಂಸ್ಥಾನವನ್ನು ಅವನ ಕೈಗೆ ಒಪ್ಪಿಸಲಾಯಿತು. ಅದೇ ವರ್ಷ, ದಂಡಿನ ಸಂಬಳದ ಬಾಕಿಗೆಂದು ನಿಜಾಮ ವರ್ಹಾಡ, ರಾಯಚೂರು, ನಳದುರ್ಗ ಸೀಮೆಗಳನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ನಳದುರ್ಗ ಟೇಲರನ ಪಾಲಿಗೆ ಬಂತು. ಅಲ್ಲಿ ಹೊಲಗಳ ಮೋಜಣಿ, ರಸ್ತೆ, ಕೆರೆಯ ಕೆಲಸಗಳಲ್ಲಿ ಅವನು ಮುಳುಗಿದ.

ಆಮೇಲೆ ಬಂತು 1857ರ ದಂಗೆ. ಮುಧೋಳದ ಹತ್ತಿರ ಹಲಗಲಿಯ ಬೇಡರು ಇಂಗ್ಲಿಷರಿಗೆ ಹತಾರ ಕೊಡೆವೆಂದು ಎದ್ದರು. ಹೈದರಾಬಾದಿನಲ್ಲಿ ದಿವಾನ ಸಾಲಾರ್ ಜಂಗ್ ಇಂಗ್ಲಿಷರ ಪಕ್ಷ ಹಿಡಿದ. ಸುರಪುರದ ತರುಣ ದೊರೆ ಅರಬರು, ರೋಹಿಲರನ್ನು ಸೇರಿಸುತ್ತಿದ್ದಾನೆಂಬ ಸುದ್ದಿ ಹಬ್ಬಿತು. 1858ರ ಫೆಬ್ರವರಿಯಲ್ಲಿ ಇಂಗ್ಲಿಷ್ ಪಡೆ ಸುರಪುರದ ಮೇಲೆ ಹೋಯಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಇನ್ನೂ ಪಡೆಗಳು ಬರುತ್ತಿವೆಯೆಂದು ತಿಳಿದು ದೊರೆ ಕೆಲವೇ ಸವಾರರ ಜೊತೆ ಹೈದರಾಬಾದಿಗೆ ಹೋದ. ಅಲ್ಲಿ ಸಾಲಾರ್ ಜಂಗನ ಜನ ಅವನನ್ನು ಹಿಡಿದು ಇಂಗ್ಲಿಷರಿಗೆ ಒಪ್ಪಿಸಿದರು.

ಟೇಲರ್ ಆ ಸುಮಾರಿಗೆ ಸುರಪುರಕ್ಕೆ ಕಮಿಷನರಾಗಿ ಮರಳಿ ಬಂದ. ತಾನು ಸಾಕಿದ ಹುಡುಗ ಬೇಡಿಯಲ್ಲಿ. ತಾನು ಅದೇ ಬೇಡಿ ಹಾಕಿದ ಸರಕಾರದ ಅಧಿಕಾರಿ. ಸೆರೆಮನೆಗೆ ಹೋಗಿ ಅವನನ್ನು ಕಂಡ. ಸಂಚಿನಲ್ಲಿ ಇನ್ನಾರಿದ್ದರು ಹೇಳು, ಶಿಕ್ಷೆ ಕಡಿಮೆಯಾಗುತ್ತದೆ ಎಂಬ ಆಸೆ ತೋರಿಸಿದರೂ ದೊರೆ ಒಬ್ಬರ ಹೆಸರನ್ನೂ ಬಾಯಿ ಬಿಡಲಿಲ್ಲ. ಗಲ್ಲು ಬೇಡ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದ. ಇದನ್ನೂ ಬರೆದಿಟ್ಟವನು ಟೇಲರನೇ, ಬರೆದದ್ದಕ್ಕೆ ಮೆಚ್ಚಬೇಕು. ದೊರೆಗೆ ವಿಧಿಸಿದ್ದ ಮರಣದಂಡನೆ ಮೊದಲು ದ್ವೀಪಾಂತರಕ್ಕೆ ಇಳಿಯಿತು. ಆಮೇಲೆ ಮದರಾಸಿನ ಬಳಿಯ ಚೆಂಗಲಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಸಾಗಿಸುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ವೆಂಕಟಪ್ಪ ನಾಯಕ ಸತ್ತ. ಇಪ್ಪತ್ತನಾಲ್ಕು ವರ್ಷ. ತಾನೇ ಹೊಡೆದುಕೊಂಡನೆಂಬುದು ಇಂಗ್ಲಿಷರ ದಾಖಲೆ. ಸುರಪುರದ ಕಡೆ ಅದನ್ನು ನಂಬದವರಿದ್ದಾರೆ.

ಟೇಲರ್ ತನ್ನ ಆತ್ಮಕಥೆಯಲ್ಲಿ ಒಂದು ಜಾತಕದ ಕಥೆ ಹೇಳುತ್ತಾನೆ. ಹುಡುಗ ಇಪ್ಪತ್ತನಾಲ್ಕನೆಯ ವಯಸ್ಸು ದಾಟುವುದಿಲ್ಲವೆಂದು ಜೋಯಿಸರು ಹಿಂದೆಯೇ ಬರೆದಿದ್ದರು, ರಾಣಿ ಅದನ್ನು ತನಗೆ ತೋರಿಸಿ ಅತ್ತಿದ್ದಳು ಎಂದು. ಓದುವವರ ಮೈ ಜುಮ್ಮೆನ್ನುತ್ತದೆ. ಆದರೆ ಅವನು ಬರೆಯುವ ಹೊತ್ತಿಗೆ ಸಾವು ಆಗಿಹೋಗಿತ್ತು. ಹಣೆಬರಹದ ಮೇಲೆ ಹೊರಿಸಿದರೆ ರೆಸಿಡೆನ್ಸಿಯ ಮೇಲೆ ಹೊರೆ ಬೀಳುವುದಿಲ್ಲ. ಕಾದಂಬರಿಕಾರನ ಕೈಚಳಕ ಇಲ್ಲಿ ಇತಿಹಾಸದೊಳಗೆ ನುಗ್ಗಿದೆ ಎಂಬ ಗುಮಾನಿ ನನಗಿದೆ.

1860ರಲ್ಲಿ ಆರೋಗ್ಯ ಕೆಟ್ಟು ಟೇಲರ್ ಊರಿಗೆ ಹೋದ. ಅದೇ ವರ್ಷದ ಒಪ್ಪಂದದಲ್ಲಿ ಇಂಗ್ಲಿಷರು ನಳದುರ್ಗವನ್ನು ನಿಜಾಮನಿಗೆ ತಿರುಗಿ ಕೊಟ್ಟರು. ದಂಗೆಯಲ್ಲಿ ಜೊತೆಗಿದ್ದುದಕ್ಕೆ ಸುರಪುರವನ್ನು ಇನಾಮಾಗಿ ಕೊಟ್ಟರು. ಔರಂಗಜೇಬನಿಗೆ ದಕ್ಕದ ಸಂಸ್ಥಾನ ಒಂದು ಕಾಗದದ ಮೇಲಿನ ಸಹಿಯಲ್ಲಿ ಮುಗಿಯಿತು. ಟೇಲರ್ ಡಬ್ಲಿನ್‌ನಲ್ಲಿ ಕುಳಿತು ‘ತಾರಾ’, ‘ಸೀತಾ’ ಮೊದಲಾದ ಕಾದಂಬರಿ ಬರೆದ. 1875ರಲ್ಲಿ ಮತ್ತೆ ಹೈದರಾಬಾದಿಗೆ ಬಂದ, ದೃಷ್ಟಿ ಹೋಗಿತ್ತು. ವಾಪಸು ಹೋಗುವಾಗ 1876ರ ಮೇ 13ರಂದು ಫ್ರಾನ್ಸಿನ ಮೆಂತೋನ್‌ನಲ್ಲಿ ತೀರಿಕೊಂಡ. ಆತ್ಮಕಥೆಯನ್ನು ಮರುವರ್ಷ ಮಗಳು ಅಚ್ಚು ಹಾಕಿಸಿದಳು.

ಒಳ್ಳೆಯವನೇ? ಅವನ ಕಾಲದ ಸಾಹೇಬರ ನಡುವೆ ಹೌದು. ಆದರೆ ಕಡೆಯ ಗಳಿಗೆಯಲ್ಲಿ ಅವನ ಒಳ್ಳೆಯತನ ನೌಕರಿಯ ಗೆರೆ ದಾಟಲಿಲ್ಲ. ಅವನ ಆತ್ಮಕಥೆಯನ್ನು ಒಂದು ಪಕ್ಷದ ಸಾಕ್ಷಿಯೆಂದು ಓದಬೇಕೇ ಹೊರತು ತೀರ್ಪೆಂದು ಅಲ್ಲ. ಇನ್ನೊಂದು ಪಕ್ಷದ ಸಾಕ್ಷಿ ನಮ್ಮ ಹಳ್ಳಿಗಳಲ್ಲೇ ಇರಬಹುದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಗೌಡರ, ಕುಲಕರ್ಣಿಗಳ, ನಾಯಕರ ಹಳೆಯ ಮನೆಗಳಿವೆ. ಅಲ್ಲಿ ಗಂಟು ಕಟ್ಟಿಟ್ಟ ಮೋಡಿ ಕಾಗದ, ಫಾರಸಿ ಸನದು ಇದ್ದರೆ ರದ್ದಿಗೆ ಹಾಕಬೇಡಿ. ರಾಜ್ಯ ಪತ್ರಾಗಾರ ಇಲಾಖೆಗೆ ತಿಳಿಸಿ. ಹೊಲದಲ್ಲಿ ದುಂಡಗೆ ಇಟ್ಟ ಕಲ್ಲುಗಳು ಕುಂಟೆಗೆ ಅಡ್ಡ ಬರುತ್ತಿದ್ದರೆ, ಒಡ್ಡಿಗೆ ಎತ್ತಿ ಹಾಕುವ ಮೊದಲು ಪುರಾತತ್ತ್ವ ಇಲಾಖೆಯವರನ್ನು ಒಮ್ಮೆ ಕರೆಸಿ ತೋರಿಸಿ.